ಐದು ತೋಟೆಯ ಕೋವಿ

ಕುಪ್ಪಗಡ್ಡೆಯ ಚೌಡಪ್ಪನಿಗೆ ಬೇಕಾಗಿದ್ದು ಒಂದೇ: ಹಂದಿ ತಲೆ. ಊರ ಬೇಟೆಯಲ್ಲಿ ಹಂದಿ ಕೆಡವಿದವನಿಗೆ ತಲೆ, ಡಬ್ಬ ಬಡಿದು ಹಂದಿ ಎಬ್ಬಿಸಿದವರಿಗೆ ಮುತ್ತುಗದೆಲೆಯಲ್ಲಿ ಒಂದು ಪಾಲು. ಅಜ್ಜನ ಕಾಲದಿಂದ ಬಂದ ಪದ್ಧತಿ. ಆ ತಲೆ ಪ್ರತಿವರ್ಷವೂ ಹೋಗುತ್ತಿದ್ದುದು ಅವನ ಹೆಂಡತಿ ತಿಮ್ಮಮ್ಮನ ಅಣ್ಣ ಸುಬ್ಬಪ್ಪನ ಮನೆಗೆ. ಚೌಡಪ್ಪನ ಕೇಪಿನ ಕೋವಿಗೆ ಮದ್ದು ತುಂಬಿ ಮುಗಿಯುವುದರೊಳಗೆ ಹಂದಿ ಚಂದ್ರಗುತ್ತಿ ದಾಟಿರುತ್ತಿತ್ತು.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವನು ಕೋವಿ ಲೈಸೆನ್ಸು ಜೇಬಿಗಿಟ್ಟುಕೊಂಡು, ಹೆಂಡತಿಯನ್ನೂ ಬಸ್ಸು ಹತ್ತಿಸಿಕೊಂಡು ಶಿಕಾರಿಪುರಕ್ಕೆ ಬಂದ. ವ್ಯಾಪಾರಿ ವೀರಬಸಪ್ಪನವರ ಹತ್ತಿರ ಹಳೇ ಕೋವಿ ಎರಡಿದ್ದವು. ಒಂದು ಜೋಡಿ ನಳಿಗೆಯದು. ಇನ್ನೊಂದು, ಕಾಫಿ ತೋಟದ ದೊರೆಯೊಬ್ಬ ಸೀಮೆಗೆ ಹೊರಡುವಾಗ ಮಾರಿಹೋದ ಪಂಪ್ ಕೋವಿ.

"ಇದ್ರಾಗೆ ಐದು ತೋಟೆ ಹಿಡಿತಾವೆ ನೋಡ್ರಿ. ಈ ಹಿಡಿ ಹಿಂದಕ್ಕೆ ಜಗ್ಗಿ ಮುಂದಕ್ಕೆ ನೂಕಿದ್ರೆ ಹಳೇದು ಹೊರಗೆ, ಹೊಸದು ಒಳಗೆ," ಎಂದರು ವೀರಬಸಪ್ಪನವರು. ಜನ್ಮದಲ್ಲಿ ಇರುವೆ ಕೊಂದವರಲ್ಲ, ಮಾರಲು ನಿಂತರೆ ಮಾತ್ರ ಹುಲಿ ಹೊಡೆದವರ ಗತ್ತು! "ಹೊಸಾದಾಗಿದ್ರೆ ಒಂದ್ಸಲ ಜಗ್ಗಿದ ಮೇಲೆ ಟ್ರಿಗರ್ ಒತ್ತೋತನಕ ಬಿಗಿ ಹಿಡಿತಿತ್ತು. ಇದ್ರ ಕೊಂಡಿ ಸವೆದೈತಿ. ಎಷ್ಟು ಬೇಕಾದ್ರೂ ಜಗ್ರಿ, ಬೆಣ್ಣೆ!"

ಚೌಡಪ್ಪ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಳಗೆ ಇಣುಕಿದ. ತುಕ್ಕಿಲ್ಲ. ಹಿಂಬದಿಯ ಮರ ಬಿರುಕು ಬಿಟ್ಟಲ್ಲಿ ತಾಮ್ರದ ತಂತಿ ಸುತ್ತಿತ್ತು, ಇರಲಿ. ಭಾರ ಮಾತ್ರ ಮುಂದಕ್ಕೆ ಎಳೆಯುತ್ತಿತ್ತು. ಜೋಡಿ ನಳಿಗೆಯದು ಹಗುರ, ಭುಜಕ್ಕೆ ಹದವಾಗಿ ಕೂರುತ್ತಿತ್ತು, ಕೆಡುವ ಭಾಗವೂ ಕಡಿಮೆ. ಬುದ್ಧಿಯಿದ್ದವರು ಅದನ್ನೇ ಎತ್ತಿಕೊಳ್ಳುತ್ತಿದ್ದರು. ಆದರೆ ಇವನು ಪಂಪನ್ನು ಒಮ್ಮೆ ಜಗ್ಗಿ ನೂಕಿದ. ಕರಕ್-ಕಟಕ್! ಅಬ್ಬಬ್ಬಾ, ಆ ಸದ್ದು! ಮೈ ಜುಮ್ಮೆಂದಿತು. ಇನ್ನೊಮ್ಮೆ ಜಗ್ಗಿದ.

"ಎರಡು ಈಡಿಗೆ ಬೀಳದ ಹಂದಿ ಐದಕ್ಕೆ ಬೀಳ್ತದಾ? ಜೋಡಿದೇ ತಗಳಿ," ಎಂದಳು ತಿಮ್ಮಮ್ಮ.

"ನಿಂಗೇನ್ ಗೊತ್ತೇ, ಸುಮ್ನಿರು. ಈ ಸಲ ತಲೆ ನಮ್ಮನೆ ಅಂಗಳಕ್ಕೇ ಬರ್ತದೆ. ದೊಡ್ಡ ಗಡಿಗೆ ತೊಳೆದಿಡು."

ಊರಿಗೆ ಬಂದ ಮೇಲೆ ಕೇಳಬೇಕೆ? ನೋಡಲು ಬಂದವರಿಗೆಲ್ಲ ಎಲೆಯಡಿಕೆ ಕೊಟ್ಟು, ಖಾಲಿ ಕೋವಿಯನ್ನು ಕರಕ್-ಕಟಕ್ ಅನಿಸಿ ತೋರಿಸಿದ್ದೇ ತೋರಿಸಿದ್ದು. ತೋಟೆ ಸುಮ್ಮನೆ ಹಾಳು ಯಾಕೆಂದು ಒಂದು ಈಡನ್ನೂ ಹಾರಿಸಲಿಲ್ಲ. ಕೈಗೆ ಜಗ್ಗುವುದು, ನೂಕುವುದು ಚೆನ್ನಾಗಿ ರೂಢಿಯಾಯಿತು.

ಬೇಟೆಯ ದಿನ ಡಬ್ಬದ ಗಲಾಟೆಗೆ ಎದ್ದ ಹಂದಿ ನೇರ ಅವನೆದುರಿಗೇ ಬಂತು. ಎಂಥ ಹಂದಿ ಅಂತೀರಿ, ಎಮ್ಮೆಕರುವಿನಷ್ಟಿತ್ತು! ಚೌಡಪ್ಪ ಕೋವಿಯನ್ನು ಭುಜಕ್ಕೇರಿಸಿದ. ಜಗ್ಗಿದ, ನೂಕಿದ. ಮತ್ತೆ ಜಗ್ಗಿದ, ನೂಕಿದ. ಸಿಡಿಯದ ತೋಟೆಗಳು ಒಂದೊಂದಾಗಿ ತರಗೆಲೆಯ ಮೇಲೆ ಉದುರಿದವು. ಟ್ರಿಗರ್ ಎಂಬುದೊಂದಿದೆ, ಅದನ್ನು ಒತ್ತಬೇಕು ಎಂಬುದು ಪುಣ್ಯಾತ್ಮನಿಗೆ ನೆನಪೇ ಆಗಲಿಲ್ಲ! ಕರಕ್-ಕಟಕ್ ಸದ್ದಿಗೆ ಬೆದರಿದ ಹಂದಿ ಗಕ್ಕನೆ ತಿರುಗಿ ಸುಬ್ಬಪ್ಪನ ಕಡೆ ಓಡಿತು. ಅವನದು ಒಂದೇ ಈಡು. ಹಂದಿ ಬಿತ್ತು.

ಪಾಲು ಹಾಕುವಾಗ ಸುಬ್ಬಪ್ಪ ಮುತ್ತುಗದೆಲೆಯ ಪೊಟ್ಟಣವೊಂದನ್ನು ಚೌಡಪ್ಪನ ಕೈಗಿಟ್ಟ. "ಬೇಜಾರ್ ಮಾಡ್ಕಬೇಡ ಭಾವ. ಹಂದೀನ ನನ್ ಕಡೆ ಓಡ್ಸಿದ್ದು ನೀನೇ ಅಲ್ವಾ? ಡಬ್ಬ ಬಡಿದವರ ಪಾಲು ತಗ."

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೌಡಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಮನೆಯಲ್ಲಿ ದೊಡ್ಡ ಗಡಿಗೆ ತೊಳೆದಿಟ್ಟಿತ್ತು. ತಿಮ್ಮಮ್ಮ ಪೊಟ್ಟಣ ನೋಡಿದಳು, ಗಂಡನ ಮುಖ ನೋಡಿದಳು, ಗಡಿಗೆಯನ್ನು ಎತ್ತಿ ಮತ್ತೆ ಅಟ್ಟಕ್ಕೆ ಹಾಕಿದಳು. ಬೆಳಿಗ್ಗೆ ಅವನು ಎದ್ದು ನೋಡಿದರೆ ಕೋವಿ ಮೂಲೆ ಸೇರಿತ್ತು, ಅದನ್ನು ತೂಗುಹಾಕುತ್ತಿದ್ದ ಗೂಟದಲ್ಲಿ ಖಾಲಿ ಸೀಮೆಎಣ್ಣೆ ಡಬ್ಬ ನೇತಾಡುತ್ತಿತ್ತು.

"ಮುಂದಿನ ಬೇಟೆಗೆ ಇದನ್ನೇ ತಗಂಡ್ ಹೋಗಿ," ಎಂದಳು ತಿಮ್ಮಮ್ಮ ಅಂಗಳ ಗುಡಿಸುತ್ತ. "ಸದ್ದು ಇನ್ನೂ ಜೋರು. ಲೈಸೆನ್ಸೂ ಬೇಡ."