ಎರಡನೆಯ ಗುಂಪಿನ ಜೊತೆಗಾತಿ

ಪ್ರೋಟೀನಿನಿಂದ ಹರಳು ಬೆಳೆಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವರಿಗೆ ಪೈಪೆಟ್ ಹಿಡಿಯುವುದನ್ನು ನಾನೇ ಹೇಳಿಕೊಡಬೇಕು. ನಾನು ಕಣ್ಣು ಬಿಟ್ಟು ನೋಡಿದರೆ ಸಾಕು, ಹನಿಯೊಳಗೆ ಹರಳು ಹೆದರಿ ಕಟ್ಟುತ್ತದೆ. ಅಂಥ ನನಗೂ ಅತ್ತಿಗೆಯ ಪ್ರೋಟೀನು ನೀರು ಕುಡಿಸಿತು.

ಅತ್ತಿಗೆ ನಮ್ಮ ಪ್ರಯೋಗಾಲಯದಲ್ಲೇ ಪಿಎಚ್‌.ಡಿ. ಮಾಡುತ್ತಿದ್ದಾರೆ, ನಾನು ಅಲ್ಲಿ ತಂತ್ರಜ್ಞ. ಯಾವಾಗಿನಿಂದ ಎಂದು ಕೇಳಬೇಡಿ. ಆಕೆ ಸೇರಿದಾಗ ಈಗಿನ ಬೆಟ್ಟಗಳೆಲ್ಲ ಇನ್ನೂ ದಿಣ್ಣೆಗಳಾಗಿದ್ದವು.

ಆಕೆಯ ವಿಷಯ ಇಷ್ಟು. ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ಸಿರಿಂಜಿನಂಥ ಸೂಜಿಗಳಿರುತ್ತವೆ. ಅವುಗಳಿಂದ ನಮ್ಮ ಜೀವಕೋಶಗಳಿಗೆ ಚುಚ್ಚಿ ತಮ್ಮ ಪ್ರೋಟೀನುಗಳನ್ನು ಒಳಗೆ ನೂಕುತ್ತವೆ. ಸೂಜಿಯ ತೂತು ಬಲು ಸಣ್ಣದು. ಮಡಚಿ ಉಂಡೆಯಾದ ಪ್ರೋಟೀನು ಅದರಲ್ಲಿ ತೂರುವುದಿಲ್ಲ. ಅದಕ್ಕೇ ಶಾಪರೋನ್ ಎಂಬ ಪುಟ್ಟ ಜೊತೆಗಾತಿ ಪ್ರೋಟೀನು. ಅದು ತನ್ನ ಪ್ರೋಟೀನನ್ನು ಉಂಡೆಯಾಗಲು ಬಿಡದೆ, ಕಂಡಕಂಡದ್ದಕ್ಕೆ ಅಂಟಲು ಬಿಡದೆ, ಕಂಕುಳಲ್ಲಿ ಎತ್ತಿಕೊಂಡು ಸೂಜಿಯ ಬುಡದ ತನಕ ತಂದುಬಿಟ್ಟು ತಾನು ಹೊರಗೇ ಉಳಿಯುತ್ತದೆ. ಇವುಗಳಲ್ಲಿ ಮೂರು ಗುಂಪು. ವಿಷದಂಥ ಪ್ರೋಟೀನನ್ನು ಹೊರುವವು ಮೊದಲನೆಯವು. ಅವುಗಳ ಮೈಯಲ್ಲಿ ಸುರುಳಿಗಳ ಜೊತೆಗೆ ಚಪ್ಪಟೆ ಪಟ್ಟಿಗಳೂ ಇರುತ್ತವೆ. ನಮ್ಮ ಕೋಶದ ಪೊರೆಗೆ ತೂತು ಕೊರೆಯುವ ಪ್ರೋಟೀನನ್ನು ಹೊರುವವು ಎರಡನೆಯವು. ಅವಕ್ಕೆ ಮೈಯೆಲ್ಲ ಸುರುಳಿ, ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಸೂಜಿಯ ತುಂಡುಗಳನ್ನೇ ಹಿಡಿದಿರುವವು ಮೂರನೆಯವು.

ಅತ್ತಿಗೆಯದು ಮೊದಲನೆಯ ಗುಂಪಿನದು ಎಂದು ಆಕೆಯ ಗೈಡು, ನಮ್ಮೆಲ್ಲರ ಮೇಷ್ಟ್ರು, ಸಭೆಸಭೆಗಳಲ್ಲಿ ಸಾರಿಬಿಟ್ಟಿದ್ದರು. ಅದರ ಜೀನು ಒಂದು ವಿಷದ ಜೀನಿನ ಪಕ್ಕದಲ್ಲಿ ಕೂತಿತ್ತಲ್ಲ, ಅಷ್ಟೇ ಸಾಕಾಗಿತ್ತು. ಯಾವ ಗುಂಪೆಂದು ಕೇಳಿದರೆ ಕಂಪ್ಯೂಟರು ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟು ಕೂತಿತ್ತು. ಥೀಸಿಸ್ ಬರೆದು ಮುಗಿದಿತ್ತು. ಬೇಕಿದ್ದದ್ದು ಹರಳಿನಿಂದ ಬರುವ ಚಿತ್ರವೊಂದೇ. ಅದೊಂದು ಸಿಕ್ಕರೆ ಈ ತಿಂಗಳೇ ಥೀಸಿಸ್ ಕೊಟ್ಟು, ಇನ್ನು ಮೇಲೆ ಸಂಜೆಯೆಲ್ಲ ಮನೆಯಲ್ಲೇ ಇರುತ್ತೇನೆ ಎಂದು ಆಕೆ ಮಗಳು ಪುಟ್ಟಿಗೆ ಮಾತು ಕೊಟ್ಟಿದ್ದರು.

ಕೊನೆಗೂ ಆನೆಗಾತ್ರದ ಹರಳು ಬೆಳೆಸಿದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಆನೆ, ಇರಲಿ. ಅದಕ್ಕೆ ಎಕ್ಸ್‌-ರೇ ಹಾಯಿಸಿ ಬಂದದ್ದನ್ನೆಲ್ಲ ಕಂಪ್ಯೂಟರಿಗೆ ಉಣಿಸಿದೆವು. ಬೆಳಿಗ್ಗೆ ಪರದೆಯ ಮೇಲೆ ಚಿತ್ರ ಮೂಡಿತು.

ಅತ್ತಿಗೆ ಅದನ್ನು ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು. "ಪಟ್ಟಿಗಳೆಲ್ಲೋ?"

"ಇರುತ್ತೆ ಅತ್ತಿಗೆ, ಹೆಣ್ಣು ಜೀವ, ನಾಚ್ಕೊಂಡು ಹಿಂದೆ ನಿಂತಿರ್ಬೇಕು."

"ಹಿಂದೆಯೂ ನೋಡ್ದೆ, ಇಲ್ಲ."

ನಾನು ಬಾಗಿಲು ಮುಂದೆ ಮಾಡಿ ಬಂದೆ. "ಒಂದು ಕೆಲಸ ಮಾಡೋಣ. ಹರಳು ಪುಡಿಪುಡಿ ಆಯ್ತು, ಚಿತ್ರ ಬರಲೇ ಇಲ್ಲ ಅಂತೀನಿ. ಸುಳ್ಳಿಗೆ ನನಗೇನು ಬರಗಾಲವಾ? ಮೇಷ್ಟ್ರು ಒಪ್ಕೋತಾರೆ, ನೀವು ಚಿತ್ರ ಇಲ್ದೇನೇ ಥೀಸಿಸ್ ಕೊಟ್ಬಿಡಿ. ಪುಟ್ಟಿ ಕಾಯ್ತಿದ್ದಾಳೆ."

ಅತ್ತಿಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಎಷ್ಟು ಹೊತ್ತು ಉಜ್ಜಿದರೆಂದರೆ ಕಣ್ಣು ಇನ್ನೇನು ಸವೆದುಹೋಗುತ್ತದೆ ಅನಿಸಿತು.

"ನೋಡು ಮೈದುನ, ಮನೆ ಬದಲಾಯಿಸೋವಾಗ ನೀನು ಬೀರೂನ ಒಂದು ಮೂಲೆ ಮುಟ್ಟಿದ್ದೆ. ಇವತ್ತಿಗೂ ಬೀರೂನ ಒಬ್ನೇ ಹೊತ್ತೆ ಅಂತ ಕೊಚ್ಕೊಳ್ತೀಯ. ಇರ್ಲಿ. ಈಗ ಮಾತ್ರ ಉಪ್ಪುಖಾರ ಹಚ್ಚದೆ ಹೇಳು. ಇದು ಯಾವ ಗುಂಪು?"

"ಎರಡನೇದು."

"ಅನುಮಾನ ಇಲ್ವಾ?"

"ಇಲ್ಲ."

ಹುಟ್ಟಿದಾಗಿನಿಂದ ನಾನು ಇಷ್ಟು ಚಿಕ್ಕ ಮಾತು ಆಡಿದ್ದಿಲ್ಲ. ಗಂಟಲು ನೋಯಿತು.

"ಹಾಗಾದ್ರೆ ಆ ವಿಷಾನ ಇದು ಹೊರುತ್ತೆ ಅಂತ ಬರ್ದಿರೋದೆಲ್ಲ ಮತ್ತೆ ನೋಡ್ಬೇಕು," ಎಂದು ಆಕೆ ಎದ್ದರು. "ಬಾ, ಮೇಷ್ಟ್ರ ಬಾಗಿಲ ತನಕ. ಒಳಗೆ ಬರ್ಬೇಡ. ನೀನು ಬಂದ್ರೆ ಮಾತು ಉಬ್ಬುತ್ತೆ."

ಲ್ಯಾಪ್‌ಟಾಪನ್ನು ನಾನೇ ಹೊತ್ತೆ. ಆ ಉದ್ದನೆಯ ಕಾರಿಡಾರಿನಲ್ಲಿ ಎದುರಾದವರು ಏನಾದರೂ ಕೇಳುವ ಮೊದಲೇ ಬಾಯಿಗೆ ಬಂದದ್ದು ಹೇಳಿ ಸಾಗಹಾಕಿದೆ. ಅತ್ತಿಗೆ ಯಾರಿಗೂ ಉತ್ತರ ಕೊಡಬೇಕಾಗಲಿಲ್ಲ. ಬಾಗಿಲಲ್ಲಿ ಲ್ಯಾಪ್‌ಟಾಪ್ ಕೈಗಿಟ್ಟು ಹೊರಗಿನ ಬೆಂಚಿನ ಮೇಲೆ ಕೂತೆ.

ಆಕೆ ಹೊರಬಂದಾಗ ಮುಖದಲ್ಲಿ ಏನೂ ಇರಲಿಲ್ಲ.

"ಬೈದ್ರಾ?"

"ಬೈದಿದ್ರೆ ವಾಸಿಯಿತ್ತು. ಚಿತ್ರಾನ ತಾವೇ ತಿರುಗಿಸಿ ನೋಡಿದ್ರು. ಆಮೇಲೆ, 'ಎಲ್ಲರ ಮುಂದೆ ನಾನೇ ಬಡಬಡಿಸಿಬಿಟ್ಟೆನಲ್ಲಮ್ಮ' ಅಂದ್ರು. ಇದು ನಿಜವಾಗಿ ಹೊರೋದು ಯಾವುದನ್ನ ಅಂತ ಹುಡುಕ್ಬೇಕಂತೆ."

"ಎಷ್ಟು ದಿನ?"

"ಒಂದು ವರ್ಷ. ನಿನ್ನ ಲೆಕ್ಕದಲ್ಲಿ ಒಂದು ಯುಗ."

ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅತ್ತಿಗೆ ಅಂದರು: "ಪುಟ್ಟಿಗೆ ನೀನೇ ಹೇಳು. ಈಗ ಎಷ್ಟು ಬೇಕಾದ್ರೂ ಉಬ್ಸು."

ನಾನು ಕೂಡಲೇ ಅಭ್ಯಾಸ ಶುರುಮಾಡಿದೆ. "ಪುಟ್ಟಿ, ಇವತ್ತು ನಿಮ್ಮಮ್ಮ ಏನು ಮಾಡಿದ್ಲು ಗೊತ್ತಾ? ಬೆಟ್ಟದಷ್ಟು ದೊಡ್ಡ ಬ್ಯಾಕ್ಟೀರಿಯಾದ ಹೊಟ್ಟೆಗೇ ಕೈ ಹಾಕಿ..." ಎನ್ನುತ್ತ ತಿರುಗಿದರೆ, ಅತ್ತಿಗೆ ಗಾಜಿಗೆ ತಲೆಯಾನಿಸಿ ನಿದ್ದೆಹೋಗಿದ್ದರು. ಜಾರುತ್ತಿದ್ದ ಚೀಲವನ್ನು ಎತ್ತಿ ನನ್ನ ಮಡಿಲಲ್ಲಿಟ್ಟುಕೊಂಡೆ. ಬೆಟ್ಟ ಸಾಲದು ಅನಿಸಿತು. ಒಂದು ವರ್ಷದ ಸಂಜೆಗಳನ್ನು ಮುಚ್ಚುವಷ್ಟು ದೊಡ್ಡದೇನಾದರೂ ಬೇಕಿತ್ತು, ಅದೂ ಮನೆಯ ಸ್ಟಾಪು ಬರುವುದರೊಳಗೆ.