ಬಾಗಿಲು ಹಾಕ್ರೋ, ಬಿಸಿಲು!

ಹುಣಸೂರಿನ ಸ್ಟುಡಿಯೋದಲ್ಲಿ ಕೂತು ಕೋಟೆ ತಾಲೂಕಿನ ಕಾಡಂಚಿನ ಒಂದು ಶಾಲೆಗೆ ಟಿವಿಯಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ನಾನು ಮಕ್ಕಳಿಗೆ ಕಾಣುತ್ತೇನೆ, ಅವರು ನನಗೆ. ತರಗತಿಯ ಬಾಗಿಲು ತೆರೆದಿಟ್ಟರೆ ಟಿವಿ ಮೇಲೆ ಬಿಸಿಲು ಬಿದ್ದು ನಾನು ಬರೆದದ್ದೇ ಕಾಣದು. "ಬಾಗಿಲು ಹಾಕ್ರೋ, ಕೋತಿಗಳಾ!" ಎಂದು ದಿನಾ ಅರಚುತ್ತೇನೆ. ಒಂದಾದರೂ ಕದಲಬೇಕಲ್ಲ! ಸೆಕೆಯಂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಆ ಬೆಳಿಗ್ಗೆ ಭಿನ್ನರಾಶಿ ಶುರು ಮಾಡಿದ್ದೆ. ಮಕ್ಕಳ ಬೆನ್ನ ಹಿಂದೆ, ತೆರೆದ ಬಾಗಿಲಿನಾಚೆ, ಅಂಗಳದ ಹಲಸಿನ ಮರ ಅಲ್ಲಾಡಿತು. ಅದರ ಕೆಳಗೆ ಒಂಟಿ ಸಲಗ.

ಅಯ್ಯೋ ದೇವರೇ! ಆನೆ ಎಂದರೆ ಸಾಕು, ಮಕ್ಕಳು ಕಿರುಚಿಕೊಂಡು ಅದೇ ಬಾಗಿಲಿಂದ ಓಡುತ್ತವೆ, ಬೇರೆ ಬಾಗಿಲಿಲ್ಲ. ಮೇಷ್ಟ್ರು ಪುಟ್ಟಸ್ವಾಮಿ ಪಕ್ಕದ ಕೋಣೆಯಲ್ಲಿ ಕದ ಮುಚ್ಚಿಕೊಂಡು ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಿದ್ದರು. ಅವರಿಗೆ ಫೋನ್ ಮಾಡೋಣವೆಂದರೆ, ಪಾಠ ನಡೆಯುತ್ತಿದ್ದುದೇ ಅವರ ಫೋನಿನ ಇಂಟರ್ನೆಟ್ಟಿನಲ್ಲಿ. ಅದು ಟಿವಿ ಪಕ್ಕದಲ್ಲಿತ್ತು. ರಿಂಗಾದರೆ ಆನೆಗೂ ಕೇಳುತ್ತದೆ, ಪಾಠವೂ ಕಡಿದುಹೋಗುತ್ತದೆ. ಕ್ಯಾಮೆರಾ ನೋಡಿಕೊಳ್ಳುವ ಉಮಾಶಂಕರನಿಗೆ ಕಣ್ಸನ್ನೆ ಮಾಡಿದೆ. ಅವನು ಪರದೆ ನೋಡಿ, ಅರಣ್ಯ ಇಲಾಖೆಗೆ ಫೋನ್ ಮಾಡಲು ಹೊರಗೋಡಿದ.

ಮುಂದಿನ ಬೆಂಚಿನ ಸ್ಪಂದನಾ ಎದ್ದಳು. "ಮಿಸ್, ನೀರ್ ಕುಡ್ಕಂಡ್ ಬತ್ತೀನಿ."

"ಕೂತ್ಕೊಳೇ!" ಎಂದೆ. ಕೂರಲಿಲ್ಲ. ಆನೆ ಹಣ್ಣು ಬಿಟ್ಟು ಇತ್ತ ತಿರುಗಿತು. ನಾನು ದನಿ ಇಳಿಸಿದೆ. ದಿನದ ಸಿಡುಕನ್ನು ಮಾತ್ರ ಬಿಡಲಿಲ್ಲ, ಬಿಟ್ಟರೆ ಮಕ್ಕಳಿಗೆ ಅನುಮಾನ ಬರುತ್ತದೆ. "ಮೊದ್ಲು ಹೋಗಿ ಬಾಗಿಲು ಹಾಕು, ಬಿಸಿಲು ಹೊಡೀತಿದೆ. ಚಿಲಕಾನೂ ಹಾಕು. ಉಳಿದೋರು ತಲೆ ಎತ್ತದೆ ಲೆಕ್ಕ ಮಾಡಿ."

ಒಂದು ದಿನವೂ ಕೇಳದ ಮಾತು. ಇವತ್ತೊಂದು ದಿನ ಕೇಳು ತಾಯಿ, ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ಗೊಣಗುತ್ತಾ ಹೋದಳು. ಬಾಗಿಲಲ್ಲಿ ನಿಂತುಬಿಟ್ಟಳು. ನಿಂತೇ ಇದ್ದಳು. ಆಮೇಲೆ ಸದ್ದಿಲ್ಲದೆ ಕದ ಸರಿಸಿ ಚಿಲಕ ಹಾಕಿದಳು.

ಟಿವಿ ಬಳಿ ಬಂದು ಮುಖ ಹತ್ತಿರ ತಂದಳು. ತುಟಿ ಅದುರುತ್ತಿತ್ತು. "ಮಿಸ್, ಎದ್ರಕಬ್ಯಾಡಿ. ಆನೆ ಬಂದೈತೆ," ಎಂದು ಪಿಸುಗುಟ್ಟಿದಳು. "ಇವುಕ್ಕೆ ಯೋಳ್ಬ್ಯಾಡಿ, ಕಿರುಚ್ಕತವೆ. ನೀವು ಪಾಠ ಮಾಡ್ತಿರಿ."

"ಆಯ್ತು ಕಣವ್ವ," ಎಂದೆ. ಇಲಾಖೆಯವರ ಪಟಾಕಿ ಸದ್ದು ಕೇಳುವವರೆಗೂ ನಾನು ಕಣ್ಣೊರೆಸಿಕೊಳ್ಳುತ್ತಾ ಮೆಲ್ಲಗೆ ಭಿನ್ನರಾಶಿ ಹೇಳಿಕೊಟ್ಟೆ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಬರೆದುಕೊಂಡಳು.