ಅವರು ಅವನಾಗುವ ಹೊತ್ತು

ಗಾಜಣ್ಣನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಅವನು ಕಟರ್ ಕೈಗೆತ್ತಿಕೊಂಡರೆ ಎಲ್ಲರೂ ಬಾಯಿ ಮುಚ್ಚಬೇಕು. ಗೀರು ಎಳೆಯುವಾಗ ಕಿರ್ರೆನ್ನುವ ಸದ್ದು ಒಂದೇ ಸಮ ಬಂದರೆ ಗಾಜು ಹೇಳಿದ ಕಡೆ ಮುರಿಯುತ್ತದೆ, ನಡುವೆ ಎಲ್ಲಾದರೂ ಸದ್ದು ತಪ್ಪಿದರೆ ತನಗೆ ಇಷ್ಟ ಬಂದ ಕಡೆ ಮುರಿಯುತ್ತದೆ. ಅದನ್ನು ಕಿವಿಗೊಟ್ಟು ಕೇಳಬೇಕು. ಹಾಗಾಗಿ ಫುಟ್‌ಬಾಲ್ ವಿಷಯಕ್ಕೆ ಒಬ್ಬರ ಕುತ್ತಿಗೆ ಇನ್ನೊಬ್ಬರು ಹಿಡಿಯುವ ಗಿರಾಕಿಗಳೂ ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು. ಗಾಜು ಮೇಜಿನಂಚಿನಲ್ಲಿ ಟಕ್ಕೆಂದು ಎರಡಾದ ಕೂಡಲೇ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು.

ಗಿರಾಕಿಗಳು ಅಂದೆ, ತಪ್ಪಾಯಿತು. ಅವರಲ್ಲಿ ಒಬ್ಬನೂ ಒಂದು ಚೂರು ಗಾಜು ಕೊಂಡವನಲ್ಲ. ರಸ್ತೆಯಾಚೆ ತರಕಾರಿ ಮಾರಿ ಮಾರಿ ತಕ್ಕಡಿ ಎಂದೇ ಹೆಸರು ಬಿದ್ದವನು, ಬೆಳಗಿನ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬರುವ ಬಸ್ ಡ್ರೈವರ್, ಶಾಲೆಯಿಂದ ನಿವೃತ್ತರಾದರೂ ಉಪದೇಶದಿಂದ ನಿವೃತ್ತರಾಗದ ಮೇಷ್ಟ್ರು. ಮೂವರಿಗೂ ಮನೆಯಿತ್ತು, ಹೆಂಡತಿ ಮಕ್ಕಳಿದ್ದರು. ಆದರೆ ಜೀವ ಇದ್ದದ್ದು ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ. ಗಾಜಣ್ಣನೂ ಅದೇ ಜಾತಿಯ ಹುಚ್ಚ, ಬೈಯುವಾಗ ಮಾತ್ರ ಅವರಷ್ಟು ಬಾಯಿ ಬಿಡುತ್ತಿರಲಿಲ್ಲ.

ಆ ವಾರ ಬಿಸಿಬಿಸಿ ವಿಷಯವಿತ್ತು. ಮ್ಯಾನೇಜರ್ ಗಂಟುಮೂಟೆ ಕಟ್ಟಿ ಹೋಗಿದ್ದರು, ಕುರ್ಚಿ ಖಾಲಿ ಬಿದ್ದಿತ್ತು.

"ಕೋಟು ಬರ್ತಾನಂತೆ," ಅಂದ ಡ್ರೈವರ್. ಕೋಟು ಅಂದರೆ ಎಂಥ ಬಿಸಿಲಲ್ಲೂ ಕೋಟು ಬಿಚ್ಚದ ಒಬ್ಬ ವಿದೇಶಿ ತರಬೇತುದಾರ.

"ಬರ್ತಾನೆ, ಬಂದು ಮಾಡೋದೇನು?" ತಕ್ಕಡಿ ಮೂಗು ಮುರಿದ. "ಅವನು ಹೇಳಿದ್ದು ಹುಡುಗರಿಗೆ ಅರ್ಥ ಆಗೋ ಹೊತ್ತಿಗೆ ಲೀಗೇ ಮುಗಿದಿರುತ್ತೆ."

"ಹಾಗಾದ್ರೆ ಗೋಡೆ," ಎಂದರು ಮೇಷ್ಟ್ರು. ಗೋಡೆ ಹಿಂದೊಮ್ಮೆ ಇದೇ ಕ್ಲಬ್ಬಿನಲ್ಲಿ ಬ್ಯಾಕ್ ಆಡಿ ಎದುರಾಳಿಗಳನ್ನು ತಡೆದವನು. ಈಗ ತಾನು ಕಲಿಸುವ ಹನ್ನೊಂದು ಮಂದಿಯನ್ನೂ ಬ್ಯಾಕ್ ಆಡಿಸುತ್ತಾನೆ.

"ಅಲ್ರೀ ಮೇಷ್ಟ್ರೇ, ಅವನ ಟೀಮು ಗೋಲು ಬಿಟ್ಟೂ ಕೊಡಲ್ಲ, ಹೊಡೆಯೋದೂ ಇಲ್ಲ. ಅದನ್ನ ನೋಡೋ ಬದಲು ಮನೇಲೇ ಕೂತು ಗಡಿಯಾರ ನೋಡಬಹುದು. ಅದಾದ್ರೂ ಗಂಟೆಗೊಂದ್ಸಲ ಹೊಡೆಯುತ್ತೆ," ಅಂದ ಡ್ರೈವರ್.

ಎಲ್ಲರೂ ನಕ್ಕರು. ಗಾಜಣ್ಣನೂ ನಕ್ಕ. ಆಮೇಲೆ ತಕ್ಕಡಿ ಹಳೆಯ ಮ್ಯಾನೇಜರ್ ವಿಷಯ ಎತ್ತಿದ. "ಅವನೊಬ್ಬ ತೊಲಗಿದ್ನಲ್ಲ, ಅಷ್ಟೇ ಪುಣ್ಯ."

ಅವನು. ಗಾಜಣ್ಣನ ನಗು ಅಲ್ಲಿಗೇ ನಿಂತಿತು.

ಕ್ಲಬ್ಬಿನ ಗತಿ ತಿಳಿಯಬೇಕಾದರೆ ಆ ಅಂಗಡಿಯಲ್ಲಿ ಪೇಪರ್ ಓದಬೇಕಾಗಿರಲಿಲ್ಲ. ಮ್ಯಾನೇಜರನ್ನು ಏನಂತ ಕರೆಯುತ್ತಾರೆ ಅನ್ನುವುದನ್ನು ಕೇಳಿಸಿಕೊಂಡರೆ ಸಾಕಿತ್ತು. ಬಂದ ಹೊಸತರಲ್ಲಿ ‘ಅವರು ಹೇಳಿದ್ರು, ಅವರು ಮಾಡಿಸಿದ್ರು’. ಮೇಲಿಂದ ಮೇಲೆ ಸೋತರೆ ‘ಈ ಮನುಷ್ಯ’. ಅದಾದ ಮೇಲೆ ‘ಅವನು’. ಬಹುವಚನ ಏಕವಚನಕ್ಕೆ ಇಳಿದ ಮೇಲೆ ಮ್ಯಾನೇಜರ್ ಮನೆಯ ಕಿಟಕಿಗೆ ಕಲ್ಲು ಬೀಳಲು ಹೆಚ್ಚು ದಿನ ಹಿಡಿಯುತ್ತಿರಲಿಲ್ಲ. ಹೋದ ಮ್ಯಾನೇಜರನ್ನು ಇದೇ ತಕ್ಕಡಿ ಹೆಗಲ ಮೇಲೆ ಹೊತ್ತು ಮೆರೆಸಿದ್ದ.

ಕಲ್ಲು ಬಿದ್ದ ಮಾರನೆಯ ದಿನ ಆ ಮನೆಗೆ ಗಾಜು ಹಾಕಲು ಹೋದವನು ಗಾಜಣ್ಣನೇ. ಮ್ಯಾನೇಜರರ ಹೆಂಡತಿ ನೆಲದ ಮೇಲೆ ಕೂತು ಮಗುವಿನ ಶೂ ಒಳಗಿಂದ ಗಾಜಿನ ಚೂರು ತೆಗೆಯುತ್ತಿದ್ದಳು. ಒಂದೊಂದೇ ಚೂರು ತೆಗೆದು ಒಂದು ಬಟ್ಟಲಿಗೆ ಹಾಕುತ್ತಿದ್ದಳು, ಇವನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಗಾಜಣ್ಣ ಕಿಟಕಿಯ ಅಳತೆ ಹಿಡಿದು ಬಗ್ಗಿದಾಗ ಸೋಫಾದ ಕೆಳಗೆ ಕಲ್ಲು ಕಂಡಿತು. ಅದು ತೂಕದ ಕಲ್ಲು. ಅರ್ಧ ಕೇಜಿಯ ಕಬ್ಬಿಣದ ಬಟ್ಟು, ನೆತ್ತಿಯ ಮೇಲೆ ಕೆಂಪು ಬಣ್ಣ. ತನ್ನ ಬಟ್ಟುಗಳನ್ನು ಯಾರೂ ಕದಿಯದಿರಲಿ ಎಂದು ಹಾಗೆ ಬಣ್ಣ ಬಳಿಯುವವನು ಗಾಜಣ್ಣನ ಬೀದಿಯಲ್ಲಿ ಒಬ್ಬನೇ ಇದ್ದ.

ಗಾಜಣ್ಣ ಅದನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡ. ಯಾಕೆ ಹಾಕಿಕೊಂಡೆ ಎಂದು ಯಾರಾದರೂ ಕೇಳಿದ್ದರೆ ಸ್ನೇಹಕ್ಕೆ ಅನ್ನುತ್ತಿದ್ದನೇನೋ. ನಿಜ ಹೇಳಬೇಕೆಂದರೆ ಹಿಂದಿನ ದಿನದ ಸೋಲು ಅವನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ಒಂದು ಗಾಜು ತಾನೇ, ಹಾಕಿದರಾಯಿತು ಅಂದುಕೊಂಡಿದ್ದ. ಬಟ್ಟು ಅಂದಿನಿಂದ ಅವನ ಮೇಜಿನ ಖಾನೆಯಲ್ಲಿ ಬಿದ್ದಿತ್ತು.

"ಹೊರಗಿನವರನ್ನ ಯಾಕೆ ಹುಡುಕ್ತೀರಿ?" ಇದ್ದಕ್ಕಿದ್ದಂತೆ ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು. "ಗಾಜಣ್ಣನ ಅಳಿಯಂದ್ರು ಇಲ್ವಾ? ಕಿರಿಯರ ಟೀಮನ್ನ ಎಲ್ಲಿಂದ ಎಲ್ಲಿಗೆ ತಂದ್ರು ನೋಡಿ."

"ಅರೆ, ಹೌದಲ್ರೀ!" ತಕ್ಕಡಿ ತೊಡೆ ತಟ್ಟಿದ. "ಅವರಿಗಿಂತ ಬೇಕಾ? ನಮ್ಮೋರು! ನಮ್ಮ ಕಣ್ಣೆದುರಿಗೇ ಆಡಿ ಬೆಳೆದೋರು!"

ಗಾಜಣ್ಣನಿಗೆ ಮೊದಲು ಆದದ್ದು ಖುಷಿಯೇ, ಸುಳ್ಳು ಯಾಕೆ ಹೇಳಲಿ. ಎದೆ ಒಂದು ಗೇಣು ಉಬ್ಬಿತು. ಕ್ಲಬ್ಬಿನ ಕುರ್ಚಿಯಲ್ಲಿ ತನ್ನ ಮಗಳ ಗಂಡ! ಆಮೇಲೆ ಖಾನೆಯಲ್ಲಿದ್ದ ಬಟ್ಟು ನೆನಪಾಯಿತು.

"ಅವರಿಗೆ ಇನ್ನೂ ಚಿಕ್ಕ ವಯಸ್ಸು," ಎಂದ. "ಮನೇಲಿ ಕೂಸಿದೆ. ಈ ತಲೆನೋವೆಲ್ಲ ಬೇಡ ಅವರಿಗೆ."

"ನೀವು ಸುಮ್ನಿರಿ ಗಾಜಣ್ಣ, ಹೆಣ್ಣು ಕೊಟ್ಟ ಮಾವ ಅಂದ್ಮೇಲೆ ನಾಚಿಕೆ ಇದ್ದದ್ದೇ," ಅಂದ ಡ್ರೈವರ್. "ಇದನ್ನ ನಾವು ನೋಡ್ಕೋತೀವಿ."

ನೋಡಿಕೊಂಡರು ಕೂಡ. ಬಸ್ಸಿನ ಹಿಂದೆ, ತರಕಾರಿ ಅಂಗಡಿಯ ಮುಂದೆ, ಮೈದಾನದ ಗೇಟಿನ ಮೇಲೆ ಅಳಿಯನ ಹೆಸರು ಬಂತು. ಅಳಿಯನನ್ನು ಗಾಜಣ್ಣ ಕನಸಿನಲ್ಲೂ ಏಕವಚನದಲ್ಲಿ ಕರೆದವನಲ್ಲ, ಆದ್ದರಿಂದ ಈ ಕಥೆಯಲ್ಲೂ ಅವರಿಗೆ ಬಹುವಚನವೇ ಇರಲಿ.

ಭಾನುವಾರ ಗಾಜಣ್ಣ ಮಗಳ ಮನೆಗೆ ಹೋದ. ಬಟ್ಟನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದ. ತೋರಿಸುವುದು, ಎಲ್ಲ ಹೇಳುವುದು, ಈ ಕೆಲಸ ಬೇಡ ಅನ್ನುವುದು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ. ಬಾಗಿಲು ತೆರೆದ ಮಗಳ ಮುಖ ನೋಡಿದರೆ ಹಬ್ಬ. ಅಳಿಯ ಫೋನು ಕೆಳಗಿಟ್ಟು ಎದ್ದು ಬಂದರು.

"ಮಾವ, ಕ್ಲಬ್ಬಿಂದ ಈಗ್ತಾನೆ ಫೋನ್ ಬಂತು. ನಂಗೇ ಕೊಡ್ತಾರಂತೆ!"

"ನೀವು ಒಪ್ಪಿಕೊಂಡ್ರಾ?"

"ಒಪ್ಪಿಕೊಳ್ಳದೆ? ಚಡ್ಡಿ ಹಾಕ್ತಿದ್ದ ಕಾಲದಿಂದ ಈ ಕುರ್ಚಿ ನೋಡ್ತಾ ಬಂದಿದ್ದೀನಿ ಮಾವ."

"ಜನ ಒಳ್ಳೇವರಲ್ಲ, ಅಳಿಯಂದ್ರೇ. ಸೋತರೆ ಏನು ಮಾಡ್ತಾರೆ ಅಂತ ನಿಮಗೇ ಗೊತ್ತು. ಹಿಂದಿನವರ ಮನೆ ಗಾಜು ಹಾಕಿದ್ದು ನಾನೇ."

ಅಳಿಯ ನಕ್ಕರು. "ಅವರು ಹೊರಗಿನೋರು ಮಾವ. ಅದೂ ಅಲ್ದೆ, ಜನ ಅಂದ್ರೆ ಯಾರು? ನಿಮ್ಮ ಅಂಗಡೀಲಿ ಕೂರೋರೇ ತಾನೆ? ನೀವಿದ್ದೀರಲ್ಲ ಅಲ್ಲಿ."

ಗಾಜಣ್ಣನ ಕೈ ಚೀಲಕ್ಕೆ ಹೋಯಿತು. ಬಟ್ಟು ಹೊರಗೆ ತೆಗೆದರೆ, ಇಷ್ಟು ದಿನ ಇದನ್ನು ಇಟ್ಟುಕೊಂಡು ಅದೇ ಜನರ ಜೊತೆ ಕೂತು ನಕ್ಕೆಯಲ್ಲ ಎಂದು ಮಗಳು ಕೇಳದೆ ಬಿಡುತ್ತಾಳೆಯೇ? ಅವನು ಚೀಲದಿಂದ ಬಟ್ಟಿನ ಬದಲು ಅಳತೆ ಟೇಪು ತೆಗೆದ. ಮುಂದಿನ ಕೋಣೆಯ ಕಿಟಕಿಯ ಅಗಲ ಹಿಡಿದ, ಎತ್ತರ ಹಿಡಿದ. ಕಿಟಕಿಯ ಕೆಳಗೇ ತೊಟ್ಟಿಲಿತ್ತು, ಅದರಲ್ಲಿ ಮೊಮ್ಮಗಳು ಮುಷ್ಟಿ ಕಟ್ಟಿ ಮಲಗಿದ್ದಳು.

"ಏನಪ್ಪಾ ಇದು, ಗಾಜು ಚೆನ್ನಾಗೇ ಇದ್ಯಲ್ಲ?" ಎಂದಳು ಮಗಳು.

"ದಪ್ಪ ಗಾಜು ಹಾಕ್ತೀನಿ. ಈ ತೊಟ್ಟಿಲು ಒಳಗಿನ ಕೋಣೇಲಿ ಇಡಬಾರದಾ?"

"ಅಲ್ಲಿ ಕತ್ತಲು. ಇಲ್ಲಾದ್ರೆ ಬೆಳಕು ನೋಡ್ಕೊಂಡು ಆಡ್ತಾಳೆ. ನೀನು ಸುಮ್ನೆ ಏನೇನೋ ಹಚ್ಕೋಬೇಡ."

ಅಂಗಡಿಯಲ್ಲಿ ಆ ಅಳತೆಯ ದಪ್ಪ ಗಾಜು ಇರಲಿಲ್ಲ, ತರಿಸಬೇಕಿತ್ತು. ತರಿಸುತ್ತೇನೆ ಎಂದು ಹೇಳಿ ಬಂದ.

ಸುದ್ದಿ ಪೇಪರಿನಲ್ಲಿ ಬಂದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡವರೆಲ್ಲ ಗಾಜಣ್ಣನ ಬೆನ್ನು ತಟ್ಟಿದರು. ತಕ್ಕಡಿ ಬುಟ್ಟಿ ತುಂಬ ಹಣ್ಣು ತಂದು ಮೇಜಿನ ಮೇಲಿಟ್ಟ. "ಮಗಳ ಮನೆಗೆ ಕೊಡಿ. ನಾವೆಲ್ಲ ಕಳಿಸಿದ್ದು ಅನ್ನಿ."

ಜನ ಕರಗಿ ಮೂವರೇ ಉಳಿದ ಮೇಲೆ ಗಾಜಣ್ಣ ಖಾನೆ ಎಳೆದ. ಇವತ್ತಲ್ಲದಿದ್ದರೆ ಇನ್ನೆಂದೂ ಆಗದು ಅನ್ನಿಸಿತ್ತು. ಬಟ್ಟನ್ನು ತೆಗೆದು ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಇಟ್ಟ.

"ಅರೆ, ಇದು ನಂದೇ!" ಅಂದ ತಕ್ಕಡಿ. "ಎಲ್ಲಿತ್ತು?"

"ಎಲ್ಲಿತ್ತು ಅಂತ ನಿಮಗೆ ಗೊತ್ತಿಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಡ್ರೈವರ್ ರಸ್ತೆ ನೋಡಿದ. ಇವರಿಗೂ ಗೊತ್ತಿತ್ತು, ಇಬ್ಬರಿಗೂ ಗೊತ್ತಿತ್ತು ಎಂದು ಗಾಜಣ್ಣನಿಗೆ ಹೊಳೆದದ್ದು ಆಗಲೇ.

ತಕ್ಕಡಿಗೆ ಮಾತ್ರ ಮುಜುಗರದ ಸುಳಿವೂ ಇರಲಿಲ್ಲ. ಬಟ್ಟನ್ನು ಅಂಗಿಯ ಚುಂಗಿನಲ್ಲಿ ಉಜ್ಜಿ, ಅಂಗೈಯಲ್ಲಿ ತೂಗಿ ನೋಡಿದ. "ಇದಿಲ್ದೆ ಎಷ್ಟು ತೊಂದ್ರೆ ಪಟ್ಟೆ ಗೊತ್ತಾ? ಜೋಪಾನವಾಗಿ ಇಟ್ಟಿದ್ರಲ್ಲ, ದೊಡ್ಡ ಉಪಕಾರ." ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಜೇಬು ಜೋತು ಬಿತ್ತು. "ನೀವೇನೂ ಯೋಚನೆ ಮಾಡ್ಬೇಡಿ ಗಾಜಣ್ಣ. ಅಳಿಯಂದ್ರ ವಿಷಯ ಬೇರೆ. ನಿಮ್ಮ ಮುಖ ನೋಡ್ಕೊಂಡು ಇರ್ತೀವಿ ನಾವು."

ಹೆದರಿಸಿ ಬಾಯಿ ಮುಚ್ಚಿಸಲು ಹೋದ ಗಾಜಣ್ಣ ಕಳೆದುಹೋಗಿದ್ದ ಕಲ್ಲನ್ನು ತಕ್ಕಡಿಯ ಕೈಗೇ ಇಟ್ಟಂತಾಯಿತು.

ಲೀಗು ಶುರುವಾಯಿತು. ಮೊದಲ ಮ್ಯಾಚು ಸೋತರು. "ಹೊಸಬರು, ಕುದುರಿಕೊಳ್ಳಲಿ," ಅಂದರು ಅಂಗಡಿಯಲ್ಲಿ. ಎರಡನೆಯದೂ ಸೋತರು. "ಅವರ ತಪ್ಪೇನಿದೆ, ಹುಡುಗರೇ ಕೈ ಕೊಟ್ಟರು." ಮತ್ತೂ ಸೋತರು. ಈಗ ಬೇರೆ ಯಾರಾದರೂ ಆಗಿದ್ದರೆ ‘ಈ ಮನುಷ್ಯ’ ಆಗಿ ಹೋಗಿರುತ್ತಿದ್ದರು. ಆದರೆ ಮೂವರೂ ಹಲ್ಲು ಕಚ್ಚಿಕೊಂಡು ‘ಅವರು’ ಅನ್ನುತ್ತಿದ್ದರು. ಅನ್ನುವ ಮೊದಲು ಒಮ್ಮೆ ಗಾಜಣ್ಣನ ಮುಖ ನೋಡುತ್ತಿದ್ದರು. ಆ ನೋಟ ಗಾಜಣ್ಣನಿಗೆ ಬೈಗುಳಕ್ಕಿಂತ ಹೆಚ್ಚು ಭಯ ತರುತ್ತಿತ್ತು. ಅವನಿಗೆ ಊಟ ಸೇರದಾಯಿತು. ದಪ್ಪ ಗಾಜು ಇನ್ನೂ ಬಂದಿರಲಿಲ್ಲ, ಸಗಟು ಅಂಗಡಿಯವರು ಇವತ್ತು ನಾಳೆ ಅನ್ನುತ್ತಿದ್ದರು.

ಮುಂದಿನ ಮ್ಯಾಚು ಪಕ್ಕದ ಕ್ಲಬ್ಬಿನ ಮೇಲೆ, ಹುಟ್ಟಾ ವೈರಿಗಳ ಮೇಲೆ. ನಾಲ್ವರೂ ಎಂದಿನಂತೆ ಒಂದೇ ಸಾಲಿನಲ್ಲಿ ಕೂತಿದ್ದರು. ತಮ್ಮವರೇ ಮೊದಲ ಗೋಲು ಹೊಡೆದಾಗ ಗಾಜಣ್ಣ ಮೇಷ್ಟ್ರನ್ನು ತಬ್ಬಿಕೊಂಡು ಅತ್ತೇಬಿಟ್ಟ. ಇನ್ನು ಭಯವಿಲ್ಲ, ಮಗಳು ನಿಶ್ಚಿಂತೆಯಾಗಿ ಇರಬಹುದು. ಗೋಲು ಹೊಡೆದ ಹುಡುಗ ಕಾಲಲ್ಲಿ ಚಕ್ರವಿದ್ದವನಂತೆ ಓಡುತ್ತಿದ್ದ, ಎದುರಾಳಿಗಳಿಗೆ ಅವನನ್ನು ಹಿಡಿಯಲು ಆಗುತ್ತಿರಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿದ್ದಾಗ ಅಳಿಯ ಆ ಹುಡುಗನನ್ನು ಹೊರಗೆ ಕರೆಸಿ, ಇನ್ನೊಬ್ಬ ಬ್ಯಾಕನ್ನು ಒಳಗೆ ಕಳಿಸಿದರು.

ಮೈದಾನವೆಲ್ಲ ಹೋ ಎಂದಿತು. ತಮ್ಮವರ ಬಲೆಗೆ ಒಂದು ಗೋಲು ಬಿತ್ತು. ಜನ ಕೂರುವ ಮೊದಲೇ ಇನ್ನೊಂದು ಬಿತ್ತು. ಗಾಜಣ್ಣನಿಗೆ ಏನಾಯಿತೋ, ಕಾಲುಗಳು ತಾವಾಗಿ ನೆಟ್ಟಗಾದವು, ಗಂಟಲು ತಾನಾಗಿ ಬಿರಿಯಿತು.

"ಕಣ್ಣಿಲ್ವಾ ಅವನಿಗೆ! ತಲೆ ಕೆಟ್ಟಿದ್ಯಾ! ಕಿತ್ತು ಬಿಸಾಕ್ರೋ ಅವನನ್ನ!"

ಅಕ್ಕಪಕ್ಕದ ಸಾಲುಗಳು ತಿರುಗಿದವು. ಡ್ರೈವರ್ ಮೆಲ್ಲಗೆ ಕೇಳಿದ. "ಯಾರನ್ನ, ಗಾಜಣ್ಣ? ಆ ಬ್ಯಾಕನ್ನಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಕೋಪ ಇನ್ನೂ ನೆತ್ತಿಯಲ್ಲೇ ಇತ್ತು. "ಇನ್ಯಾರನ್ನ? ಅಲ್ಲಿ ಬೆಂಚಿನ ಮುಂದೆ ಕೈ ಕಟ್ಕೊಂಡು ನಿಂತಿದ್ದಾನಲ್ಲ, ಅವನನ್ನ!"

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಗಾಜಿನ ಮೇಲೆ ಗೀರು ತಪ್ಪಿದ ಸದ್ದು ಅದು, ಅವನಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಕೂತುಬಿಟ್ಟ.

ತಕ್ಕಡಿ ಅವನ ಭುಜದ ಮೇಲೆ ಕೈಯಿಟ್ಟ. ಧ್ವನಿಯಲ್ಲಿ ಕೋಪವೇ ಇರಲಿಲ್ಲ, ಎಂದೂ ಇಲ್ಲದ ಮರ್ಯಾದೆ ಇತ್ತು.

"ಸದ್ಯ. ನಿಮ್ಮ ಬಾಯಿಂದಲೇ ಬರ್ಲಿ ಅಂತ ಕಾಯ್ತಿದ್ವಿ. ನಾವಾಗಿ ನಾವು ಅಂದಿದ್ರೆ ನಿಮಗೆ ಬೇಜಾರಾಗ್ತಿತ್ತು."

"ಇಲ್ಲ, ನಾನು ಹಾಗಲ್ಲ, ಅವರು..." ಅಂದ ಗಾಜಣ್ಣ. ಆ ‘ಅವರು’ ಯಾರಿಗೂ ಕೇಳಿಸಲಿಲ್ಲ. ಹಿಂದಿನ ಸಾಲಿನಿಂದ ಯಾರೋ ‘ಅವನನ್ನ ಕಿತ್ತು ಬಿಸಾಕ್ರೋ’ ಎಂದು ಅವನ ಮಾತನ್ನೇ ಎತ್ತಿಕೊಂಡಿದ್ದರು. ಅದು ಸಾಲಿನಿಂದ ಸಾಲಿಗೆ ಹತ್ತಿ ಇಡೀ ಮೈದಾನ ಒಂದೇ ಗಂಟಲಾಗಿ ಕೂಗುತ್ತಿತ್ತು. ಮೇಷ್ಟ್ರು ಕೂಡ ಎದ್ದು ನಿಂತು ಕೂಗುತ್ತಿದ್ದರು.

ತಕ್ಕಡಿ ಎದ್ದ. ಆಟ ಇನ್ನೂ ಮುಗಿದಿರಲಿಲ್ಲ, ಆಟ ಮುಗಿಯುವ ಮೊದಲು ಅವನು ಎಂದೂ ಎದ್ದವನಲ್ಲ. ಜೋತು ಬಿದ್ದ ಜೇಬನ್ನು ಅಂಗೈಯಿಂದ ಹಿಡಿದುಕೊಂಡು, ಕೂತವರ ಮೊಣಕಾಲು ದಾಟುತ್ತ ಬಾಗಿಲ ಕಡೆ ನಡೆದ. ಗಾಜಣ್ಣನೂ ಏಳಲು ಹೋದ. ಎರಡೂ ಕಡೆ ಜನ ಎದ್ದು ನಿಂತು ಕುಣಿಯುತ್ತಿದ್ದರು, ದಾರಿ ಬಿಡಿ ಎಂದು ಅಂಗಲಾಚಿದರೂ ಯಾರೂ ಬಿಡಲಿಲ್ಲ. ಅವನು ಮಗಳಿಗೆ ಫೋನು ಮಾಡಿದ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಈ ಹೊತ್ತಿಗೆ ಅವಳು ಮಗುವಿಗೆ ಹಾಲು ಕುಡಿಸಿ ಮುಂದಿನ ಕೋಣೆಯ ತೊಟ್ಟಿಲಲ್ಲಿ ಮಲಗಿಸಿರುತ್ತಾಳೆ. ಆ ಕಿಟಕಿಯ ಅಗಲ, ಎತ್ತರ ಎರಡೂ ಗಾಜಣ್ಣನಿಗೆ ಬಾಯಿಪಾಠವಾಗಿದ್ದವು.